ಊದುಗೊಳವೆಯ ಒಳಗಿನ ಮಸಿ

"ಬಾಯಿ ಇನ್ನೊಂಚೂರು ತೆಗಿ ಚಲುವಾ. ಅಂಗೆ. ನಾಲಿಗೆ ಮೇಲಕ್ಕೆತ್ತು."

ಅಡಿಗೆಮನೆಯ ಬೆಳಕಿಂಡಿಯಿಂದ ಬಿದ್ದಿದ್ದ ಬಿಸಿಲ ಕೋಲಿಗೆ ಶರೀಫುನ್ನೀಸಾ ಚಲುವಮ್ಮನ ಗದ್ದವನ್ನು ತಿರುಗಿಸಿದಳು. ಕೆಳತುಟಿಯ ಎಡಮೂಲೆಯಲ್ಲಿ ಒಂದೇ ಒಂದು ಹುಣ್ಣು, ಅಂಗಿಯ ಗುಂಡಿಯಷ್ಟು. ಅಂಚು ಕೊರೆದಿಟ್ಟ ಹಾಗೆ ದುಂಡಗೆ. ನಡುವೆ ಹಸಿಮಾಂಸದ ಬಣ್ಣ. ಕೀವಿಲ್ಲ, ರಕ್ತವಿಲ್ಲ.

ಗವಸು ತೊಟ್ಟ ಬೆರಳಿನಿಂದ ಅದರ ಅಂಚನ್ನು ಒತ್ತಿದಳು. ಮೆತ್ತನೆಯ ತುಟಿಯೊಳಗೆ ಹುಣಿಸೆಬೀಜ ಹುದುಗಿಸಿಟ್ಟಂತೆ ಗಟ್ಟಿ.

"ನೋಯ್ತದಾ?"

"ಇಲ್ಲ ಬೀಬಕ್ಕಾ. ಅದೇ ನಂಗೂ ಇಚಿತ್ರ. ಇಷ್ಟಗಲ ಆಗದೆ, ಕಾರದ ಸಾರು ಬಿದ್ರೂ ಉರಿಯಾಕಿಲ್ಲ."

ದವಡೆಯ ಕೆಳಗೆ ಕೈಯಾಡಿಸಿದಳು. ಗೋಲಿಯಂಥ ಗಂಟು ಬೆರಳಿಗೆ ಸಿಕ್ಕಿ ಜಾರಿತು. ಅದೂ ನೋಯಲಿಲ್ಲ.

ಮೈಸೂರಿನಲ್ಲಿ ನರ್ಸಿನ ಕೆಲಸ ಕಲಿಯುವಾಗ ಮುದುಕ ಡಾಕ್ಟರೊಬ್ಬರು ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ನೋಯುವ ಹುಣ್ಣು ತಾನೇ ಕೂಗಿ ಕರೆಯುತ್ತದೆಯಮ್ಮಾ, ನೋಯದ್ದನ್ನು ನೀವು ಹುಡುಕಿಕೊಂಡು ಹೋಗಬೇಕು.

"ರಕ್ತ ಪರೀಕ್ಷೆ ಆಗೋಗಂಟ ಖಂಡಿತ ಅನ್ನಾಕಾಗಾಕಿಲ್ಲ," ಎಂದಳು ಮೆಲ್ಲಗೆ. "ಆದ್ರೆ ನೋಡುದ್ರೆ ಪರಂಗಿ ರೋಗದ ಉಣ್ಣಿನಂಗದೆ."

ಗಂಡು ಹೆಣ್ಣಿನ ಸಂಗದಿಂದಲೇ ಅಂಟುತ್ತದೆಂದು ಊರು ನಂಬಿದ್ದ ರೋಗ ಅದು. ಚಲುವಮ್ಮನ ಗಂಡ ಹೊನ್ನಯ್ಯ ಪಲ್ಟನ್ನು ಸೇರಿ ಬಸ್ರಾಕ್ಕೆ ಹೋಗಿ ಒಂದೂವರೆ ವರುಷ. ಊರು ಕೊತ್ತತ್ತಿಯ ಹೆಂಗಸರು ಬೆರಳು ಮಡಿಸಿ ಎಣಿಸಿದ್ದೂ ಅದನ್ನೇ.

"ಅಂಗಾದ್ರೆ ಅವರು ಏಳೋದು ನಿಜ್ವಾ? ನನ್ನ ಮಗಳ ಮೇಲಾಣೆ ಬೀಬಕ್ಕಾ, ನಾನು ಯಾವನ ನೆಳ್ಳೂ—"

"ಆಣೆ ಇಡಬ್ಯಾಡ. ಆಣೆ ಯಾರೂ ಕೇಳಾಕಿಲ್ಲ ಇಲ್ಲಿ. ಬೇರೇನಾರ ತೋರಿಸ್ಬೇಕು."

ಹೊರಗೆ ಜಗಲಿಯ ಮೇಲೆ ಕೆಮ್ಮು, ಮಾತು, ಕಂಬಳಿ ಹಾಸುವ ಸದ್ದು. ಎಂಟು ದಿನದ ಹಿಂದೆ ಈ ಮನೆಯ ಹಿರಿಸೊಸೆ ಮಲ್ಲಿಗಮ್ಮನ ಹೆಣ ನಾಲೆಯ ತೂಬಿನಲ್ಲಿ ಸಿಕ್ಕಿತ್ತು. ತುಟಿಯ ಹುಣ್ಣಿಗೆ ನಾಚಿ ಹಾರಿಕೊಂಡಳು ಎಂದು ಮನೆಯವರು ಹೇಳಿದ್ದೇ ಪಂಚನಾಮೆಯಾಗಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಆ ಹೆಣ ತೊಳೆದವಳು ಶರೀಫುನ್ನೀಸಾ. ಹೆಡತಲೆಯ ಮೇಲಿದ್ದ ಐದು ಬೆರಳಿನ ಗುರುತನ್ನು ಅವಳು ಮರೆತಿರಲಿಲ್ಲ.

ಈಗ ಕಿರಿಸೊಸೆಯ ಸರದಿ. ಮನೆಯ ಯಜಮಾನ ಕರಿಯಯ್ಯ ಇನ್ನು ಸ್ವಲ್ಪ ಹೊತ್ತಿಗೆ ತೀರ್ಮಾನ ಹೇಳುತ್ತಾನೆ. ಚಲುವಮ್ಮ ಉಟ್ಟ ಸೀರೆಯಲ್ಲಿ ಹೊರಡಬೇಕು. ಎರಡು ವರುಷದ ಮಗಳು ಮಾಯಮ್ಮ ಈ ಮನೆಯ ಕೂಸು, ಇಲ್ಲೇ ಉಳಿಯಬೇಕು. ಬೆಳಿಗ್ಗೆಯಿಂದಲೇ ಮಗುವನ್ನು ಅವಳ ಕೈಗೆ ಕೊಟ್ಟಿರಲಿಲ್ಲ.

ಆ ಕೂಸನ್ನು ಹೆರಿಗೆ ಮಾಡಿಸಿದ್ದೂ ಶರೀಫುನ್ನೀಸಾಳೇ. ಇವತ್ತಿನ ತೀರ್ಮಾನದ ಸುದ್ದಿ ಕೇಳಿ, ಯುದ್ಧದ ಪೆಟ್ರೋಲು ಬರಕ್ಕೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೆಟ್ಟು ನಿಂತಿದ್ದರಿಂದ, ಮಂಡ್ಯದಿಂದ ಬಿಸಿಲಲ್ಲಿ ನಡೆದೇ ಬಂದಿದ್ದಳು.

"ಮಲ್ಲಿಗಮ್ಮನ ಉಣ್ಣು ಎಲ್ಲಿತ್ತು?"

"ಇದೇ ಜಾಗ್ದಾಗೆ. ಶಿವರಾತ್ರಿ ಸುಮಾರ್ಗೆ ಎದ್ದಿತ್ತು. ನಂದು ಉಗಾದಿಗೆ ಮುಂಚೆ."

"ಇದೇ ಎಡಮೂಲೇಲಾ?"

"ಊಂ."

ಶರೀಫುನ್ನೀಸಾ ಅಡಿಗೆಮನೆಯನ್ನು ಸುತ್ತ ನೋಡಿದಳು. ಒಲೆಯ ಬಲಕ್ಕೆ ಗೋಡೆ, ಗೋಡೆಗೊತ್ತಿ ರಾಗಿಯ ವಾಡೆ. ಬಲಗಡೆ ಕೂರಲು ಜಾಗವೇ ಇಲ್ಲ.

"ಒಲೆ ಎಂಗೆ ಊದ್ತೀಯ? ಕೊಳವೆ ಬಾಯಿಗಿಕ್ಕಬ್ಯಾಡ, ಸುಮ್ನೆ ಹಿಡ್ದು ತೋರ್ಸು."

ಚಲುವಮ್ಮ ಎಡಕ್ಕೆ ಮಂಡಿಯೂರಿ, ಮೈಯನ್ನು ಓರೆ ಮಾಡಿ, ಕಬ್ಬಿಣದ ಊದುಗೊಳವೆಯನ್ನು ತುಟಿಯ ಬಳಿಗೆ ತಂದಳು. ಅದರ ಬಾಯಿ ಸರಿಯಾಗಿ ಹುಣ್ಣಿನ ಎದುರಿಗೆ ಬಂದು ನಿಂತಿತು. ಯಾರು ಊದಿದರೂ ಅಲ್ಲಿಗೇ ಬರಬೇಕು. ಕೊಳವೆಯ ಅಂಚಿನಲ್ಲಿ ಒಂದು ಕಡೆ ಸೀಳು, ತುಟಿ ಗೀರುವಷ್ಟು ಚೂಪು.

"ಈ ಕೊಳವೇಲಿ ಇನ್ಯಾರು ಊದ್ತಾರೆ?"

"ನಾನು, ಮಲ್ಲಿಗಕ್ಕ, ಅತ್ತೆ. ಗಂಡಸ್ರು ಯಾವಾಗ ಒಲೆ ಮುಂದೆ ಕೂತಾರು?" ಎಂದವಳು ತಟ್ಟನೆ ನಿಂತಳು. "ಅತ್ತೆಗೂ ಆಗಿತ್ತು ಬೀಬಕ್ಕಾ! ಸಂಕ್ರಾಂತೀಲಿ. ಬೆಲ್ಲದ ಪಾಕ ಸಿಡೀತು ಅಂತಂದ್ರು. ಒಂದು ತಿಂಗ್ಳು ಇತ್ತು, ಆಮೇಲೆ ತಾನೇ ಮಾಯ್ತು."

ಶರೀಫುನ್ನೀಸಾ ಕೊಳವೆಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ಒಳಗೆ ಇಣುಕಿದಳು. ಇಣುಕಿದವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಊದುವ ಕೊಳವೆಯ ಬೆಂಕಿಯ ತುದಿಯಲ್ಲಿ ಮಸಿ ಇರುವುದು ಸಹಜ. ಉಸಿರು ಆಚೆಗೆ ಹೋಗುತ್ತದೆ, ಹೊಗೆಯನ್ನು ಆಚೆಗೇ ತಳ್ಳುತ್ತದೆ. ಇದರಲ್ಲೋ ಮಸಿ ಒಳಗೆಲ್ಲ ಹತ್ತಿಕೊಂಡು, ಬಾಯಿಡುವ ತುದಿಯವರೆಗೂ ಬಂದಿತ್ತು.

ಯಾರೋ ಇದರಲ್ಲಿ ಬರೀ ಊದಿರಲಿಲ್ಲ. ಹೊಗೆ ಎಳೆದಿದ್ದರು.

ಸೆರಗಿನ ಪಿನ್ನಿನಿಂದ ಒಳಗೆ ಕೆರೆದು ಬಿಳಿ ಬಟ್ಟೆಯ ಮೇಲೆ ಉದುರಿಸಿದಳು. ಕಪ್ಪು ಮಸಿ. ಅದರ ನಡುವೆ ಕುಂಕುಮದಂಥ ಕೆಂಪು ಕಣ. ಮದ್ದೂರಿನಲ್ಲಿ ಗುಟ್ಟಿನ ರೋಗಕ್ಕೆ ಗುಟ್ಟಾಗಿ ಮದ್ದು ಕೊಡುವವರ ಮನೆಯಲ್ಲಿ ಅವಳು ಇದನ್ನು ನೋಡಿದ್ದಳು. ಇಂಗಳೀಕ. ಕೆಂಡದ ಮೇಲಿಟ್ಟು ಅದರ ಹೊಗೆ ಕುಡಿದರೆ ಪರಂಗಿ ರೋಗ ಹೋಗುತ್ತದೆಂಬ ನಂಬಿಕೆ. ಆ ಹೊಗೆಯಲ್ಲಿರುವುದು ಪಾದರಸ. ರೋಗಕ್ಕಿಂತ ಮೊದಲು ಅದು ಬಾಯನ್ನು ತಿನ್ನುತ್ತದೆ.

"ಚಲುವಾ, ಎದ್ದೇಳು. ಮೊಕ ತೊಳಕೊ. ತಲೆ ತಗ್ಗಿಸ್ಕಂಡು ಆಚೆಗೆ ಬಂದ್ಯೋ, ನಾನೇ ಒದೀತೀನಿ."

* * *

ಜಗಲಿಯ ನಡುವೆ ಕರಿಯಯ್ಯ ಕೂತಿದ್ದ. ಅರವತ್ತರ ಹತ್ತಿರದ ಆಳು, ಹಣೆಗೆ ವಿಭೂತಿ, ಹೆಗಲ ವಸ್ತ್ರದ ತುದಿ ಬಾಯಿಯ ಬಳಿ. ಪಕ್ಕದಲ್ಲಿ ಊರಿನ ನಾಲ್ಕು ತಲೆಗಳು. ಬಾಗಿಲಿಗೊರಗಿ ಅವನ ಸತ್ತ ತಮ್ಮನ ಹೆಂಡತಿ, ಚಲುವಮ್ಮನ ಅತ್ತೆ, ಹೊಂಬಾಳಮ್ಮ. ಕಂಬದ ಬಳಿ ಅವಳ ಹಿರಿಮಗ ಪುಟ್ಟಸ್ವಾಮಿ. ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕರೆಂಟಿನ ಕೆಲಸದವನು, ಹೆಂಡತಿ ಮಲ್ಲಿಗಮ್ಮನ ಹೆಣ ಸಿಕ್ಕಿದ ದಿನದಿಂದಲೂ ತಿಥಿಗೆಂದು ರಜಾ ಹಾಕಿ ಊರಲ್ಲೇ ಇದ್ದ. ಮಾಯಮ್ಮ ಅವನ ಹೆಗಲ ಮೇಲೆ ಬೆರಳು ಚೀಪುತ್ತಿತ್ತು.

"ಬೀಬಮ್ಮ, ನಿನ್ನ ಕೆಲಸ ಬಾಣಂತಿ ಮನೇಲಿ," ಎಂದ ಕರಿಯಯ್ಯ. "ಇದು ನ್ಯಾಯದ ಜಗಲಿ."

"ಈ ಜಗಲೀಲಿ ಕುಂತಿರೋ ಅರ್ಧ ಜನ್ರ ಮಕ್ಕಳ್ನ ನಾನೇ ಎತ್ತಿ ಕೊಟ್ಟಿರೋದು ಯಜಮಾನ್ರೇ. ಒಂದು ಗಳಿಗೆ ನಿಂತ್ಕಂಡ್ರೆ ಕಂಬ ಬೀಳಾಕಿಲ್ಲ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿಗೆ ತಿರುಗಿಸಿಕೊಂಡರು.

ಹೊಂಬಾಳಮ್ಮ ಮುಂದೆ ಬಂದಳು. "ಏನ್ ನೋಡ್ದೆ, ಏಳು ಎಲ್ಲಾರ್ಗೂ! ಗಂಡ ದೂರ ದೇಸದಾಗೆ ಗುಂಡಿಗೆ ಎದೆ ಕೊಟ್ಟವ್ನೆ, ಇವಳ ತುಟಿ ಮೇಲೆ ಎಂಥಾ ಉಣ್ಣು ಅಂತ ಏಳು!"

ಅವಳ ಕೂಗು ಒಡೆದು ಗೊಗ್ಗರಾಗಿ ಹೊರಟಿತು. ಶರೀಫುನ್ನೀಸಾ ಮಾತಿಗಿಂತ ದನಿಯನ್ನು ಮೊದಲು ಕೇಳುವವಳು. ಮದ್ದೂರಿನಲ್ಲಿ ಚಿಕ್ಕವಳಿದ್ದಾಗ ಲಾರಿ ರಿಪೇರಿಯ ಅಪ್ಪನ ಕೈ ಹಿಡಿದು ಗುಡಿಯ ಆಚೆ ಬೇವಿನ ಮರದಡಿ ಕೂತು ಕಾವ್ಯದ ಓದು ಕೇಳುತ್ತ ಬೆಳೆದ ಕಿವಿ ಅದು. ಹೊಂಬಾಳಮ್ಮನ ಗಂಟಲು ಊರಿಗೇ ಗೊತ್ತಿದ್ದ ಗಂಟೆ. ಆ ಗಂಟೆ ಬಿರುಕು ಬಿಟ್ಟಿತ್ತು.

"ಪರಂಗಿ ರೋಗ ಅಂತ ನನಗನುಮಾನ," ಎಂದಳು ಎಲ್ಲರಿಗೂ ಕೇಳುವಂತೆ.

ಆ ಹೆಸರನ್ನು ಅಲ್ಲಿ ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ.

"ಕೇಳಿದ್ರಲ್ಲ," ಎಂದ ಕರಿಯಯ್ಯ. "ಇನ್ನೇನು ಉಳೀತು?"

"ಎಲ್ಲಾ ಉಳದದೆ. ಈ ರೋಗಕ್ಕೊಂದು ಲೆಕ್ಕ ಅದೆ ಯಜಮಾನ್ರೇ. ಮೊದ್ಲು ಒಂದು ಉಣ್ಣು ಏಳ್ತದೆ. ನೋಯಾಕಿಲ್ಲ. ಮದ್ದು ಮಾಡ್ಲಿ ಬುಡ್ಲಿ, ತಿಂಗಳು ಒಂದೂವರೆ ತಿಂಗ್ಳಲ್ಲಿ ತಾನೇ ಮಾಯ್ತದೆ. ಮಾಯ್ತು ಅಂತ ಜನ ದೇವರಿಗೆ ಕಾಯಿ ಒಡೀತಾರೆ. ಅದು ಓಗಿರಾಕಿಲ್ಲ, ಒಳಕ್ಕೆ ಇಳ್ದಿರ್ತದೆ. ಆಮೇಲೆ ಗಂಟ್ಲು ಕಟ್ತದೆ, ಹುಬ್ಬು ಉದುರ್ತದೆ. ಕೆನ್ನೆ ಒಳಗೆ, ನಾಲಿಗೆ ಕೆಳಗೆ ಬೆಳ್ಳಗೆ ಪೊರೆ ಕಟ್ತದೆ, ಬಸವನ ಹುಳ ಅರ್ದೋದಂಗೆ. ಆ ಬಾಯಿ ನೀರು ತಗಲಿದ್ದು ಗಾಯಕ್ಕೆ ಸೋಕಿದ್ರೂ ಅಂಟ್ತದೆ. ಚಲುವಂಗೆ ಇನ್ನೂ ಮೊದಲ್ನೇ ಉಣ್ಣು. ಅವಳಿಗಿಂತ ಮುಂಚೆ ಬಂದೋರು ಈ ಮನೇಲಿ ಅವ್ರೆ."

"ಸತ್ತೋದಳಲ್ಲ, ಅವಳೇ," ಎಂದಳು ಹೊಂಬಾಳಮ್ಮ.

"ಅವಳಿಗಿಂತ್ಲೂ ಮುಂಚೆ. ಸಂಕ್ರಾಂತೀಲಿ."

ಹೊಂಬಾಳಮ್ಮನ ಕೈ ಸೆರಗನ್ನು ಬಾಯಿಗೆ ಎಳೆದುಕೊಂಡಿತು.

"ಬಾಯಿ ತೆಗೀರಿ ಹೊಂಬಾಳಮ್ಮ."

"ಥೂ! ಮುಂಡೆ ನಾನು, ಹನ್ನೊಂದು ವರ್ಸದ ಮುಂಡೆ! ನನ್ನ ಬಾಯಿ ನೋಡಾಕೆ ಬಂದವ್ಳೆ! ಬಾವನೋರೇ, ಇವಳನ್ನ ಎಳ್ದು ಆಚೆಗಾಕ್ಸಿ!"

ಇಬ್ಬರು ಗಂಡಸರು ಎದ್ದೇಬಿಟ್ಟರು. ಶರೀಫುನ್ನೀಸಾ ಕದಲಲಿಲ್ಲ.

"ಮುಟ್ಟಿ ನೋಡ್ರಪ್ಪ. ನಾಳೆ ನಿಮ್ಮ ಹೆಂಡ್ರು ನೋವು ತಿನ್ನುವಾಗ ಯಾರ ಬಾಗಿಲು ಬಡೀತೀರೋ ಯೋಚ್ನೆ ಮಾಡಿ ಮುಟ್ಟಿ."

ಎದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಚಲುವಮ್ಮ ಬಂದು ಜಗಲಿಯ ನಡುವೆ, ಗಂಡಸರ ಎದುರಿಗೆ ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ನೋಡ್ಕಳಿ," ಎಂದಳು. ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಮಗುಚಿದಳು. "ಸಂದಾಗಿ ನೋಡ್ಕಳಿ. ಎಂಟು ದಿನ್ದಿಂದ ಬಾಗ್ಲ ಸಂದೀಲಿ ಇಣುಕ್ತಿದ್ರಲ್ಲ, ಈಗ ಹತ್ರ ಬಂದು ನೋಡಿ. ನಾನು ಬಚ್ಚಿಡಾಕಿಲ್ಲ. ಕದ್ದು ಮಾಡಿದ್ರೆ ತಾನೇ ಬಚ್ಚಿಡೋದು?"

ಒಬ್ಬರೂ ಹತ್ತಿರ ಬರಲಿಲ್ಲ. ಕಣ್ಣೆತ್ತಿ ನೋಡಿದವರೂ ಇಲ್ಲ.

ಆಮೇಲೆ ಅವಳು ಅತ್ತೆಯ ಕಡೆ ತಿರುಗಿದಳು. ದನಿ ಇಳಿಯಿತು.

"ಅತ್ತೆಮ್ಮ. ನಂಗೆ ಇದು ಒಲೆ ಊದೋ ಕೊಳವೇಲಿ ಬಂತು. ನಿಮ್ಗೂ ಅದ್ರಿಂದ್ಲೇ ಬಂದದೆ. ನಾನು ಕೆಟ್ಟೋಳಲ್ಲ ಅನ್ನೋದಾದ್ರೆ ನೀವೂ ಕೆಟ್ಟೋರಲ್ಲ. ನನ್ನ ಆಚೆಗೆ ತಳ್ಳಿಬುಟ್ರೆ ನಿಮ್ಮ ಗಂಟ್ಲು ವಾಸಿ ಆಗ್ತದಾ?"

ಹೊಂಬಾಳಮ್ಮ ಸೊಸೆಯ ತುಟಿಯನ್ನೇ ನೋಡಿದಳು. ಗಂಡ ಸತ್ತ ಹೆಂಗಸಿಗೆ ಇಂಥ ಹುಣ್ಣು ಎದ್ದರೆ ಊರು ಏನೆನ್ನುತ್ತದೆಂದು ಮೂರು ತಿಂಗಳು ಒಬ್ಬಳೇ ನಡುಗಿದ್ದಳು. ಸೊಸೆಯಂದಿರ ತುಟಿಯ ಮೇಲೆ ಅದೇ ಎದ್ದಾಗ, ಕೂಗಿದವಳು ಬದುಕಿಕೊಳ್ಳುತ್ತಾಳೆಂದು ಮೊದಲು ಕೂಗಿದ್ದಳು.

ನಿಂತಲ್ಲೇ ನೆಲಕ್ಕೆ ಕೂತಳು. ಸೆರಗು ಸರಿಸಿದಳು. ಬಾಯಿ ತೆರೆದಳು.

ಶರೀಫುನ್ನೀಸಾ ಬಗ್ಗಿ ನೋಡಿದಳು. ನಾಲಿಗೆಯ ಅಂಚಿನಲ್ಲಿ, ಕೆನ್ನೆಯ ಒಳಗೋಡೆಯಲ್ಲಿ ಬೂದುಬಿಳಿಯ ಪೊರೆ. ತುಟಿಯ ಎಡಮೂಲೆಯಲ್ಲಿ ಮಾಸಿದ ಕಲೆ.

"ನನಗೆ ಸಾವು ಬತ್ತದಾ ನರ್ಸಮ್ಮ?"

"ಬರಾಕೆ ಬುಡಾಕಿಲ್ಲ. ಇಬ್ರೂ ನಾಳೆ ಬೆಳಿಗ್ಗೆ ಮಂಡ್ಯದ ಆಸ್ಪತ್ರೆಗೆ ಬನ್ನಿ. ರಕ್ತ ತೆಗೆದು ಮೈಸೂರಿಗೆ ಕಳಿಸ್ತಾರೆ, ಆಮೇಲೆ ವಾರಕ್ಕೊಂದು ಸೂಜಿ. ವರ್ಸ ಹಿಡೀಬೋದು, ನಡುವೆ ಬುಡಂಗಿಲ್ಲ. ಅಲ್ಲೀಗಂಟ ನಿಮ್ಮ ಲೋಟ ಬೇರೆ ಇರ್ಲಿ, ಅಗಿದ ತುತ್ತು ಮಗೀಗೆ ಕೊಡಬ್ಯಾಡಿ."

"ಅಂಗಾದ್ರೆ ಕೊಳವೇಗೆ ಎಲ್ಲಿಂದ ಬಂತು?" ಎಂದ ಊರ ಹಿರಿಯರಲ್ಲೊಬ್ಬ. ಈಗ ಅವನ ದನಿಯಲ್ಲಿ ಚಲುವಮ್ಮನ ಮೇಲಿನ ದೂರು ಇರಲಿಲ್ಲ. ಭಯ ಇತ್ತು. ಅವನ ಮನೆಯಲ್ಲೂ ಒಲೆ ಇತ್ತು.

ಶರೀಫುನ್ನೀಸಾ ಕೊಳವೆಯನ್ನು ಎತ್ತಿ ಹಿಡಿದಳು. ಒಳಗಿನ ಮಸಿಯನ್ನು ತೋರಿಸಿದಳು, ಬಿಳಿ ಬಟ್ಟೆಯ ಮೇಲಿನ ಕೆಂಪು ಕಣವನ್ನು ತೋರಿಸಿದಳು. ಇದರಲ್ಲಿ ಯಾರೋ ಇಂಗಳೀಕದ ಹೊಗೆ ಎಳೆದಿದ್ದಾರೆ, ಅದೂ ಬೆಳಗಿನ ಜಾವ, ಹೊಂಬಾಳಮ್ಮ ಒಲೆ ಹಚ್ಚುವುದಕ್ಕೆ ಸ್ವಲ್ಪ ಮುಂಚೆ; ಒಣಗಿದ ಕೊಳವೆಯಿಂದ ರೋಗ ಅಂಟದು, ಅವಳು ತುಟಿಗಿಟ್ಟಾಗ ಅದರ ಬಾಯಿ ಇನ್ನೂ ಒದ್ದೆ ಇದ್ದಿರಬೇಕು ಎಂದಳು.

"ಇಂಗಳೀಕದ ಒಗೆ ಕುಡಿದೋರ ಬಾಯಿ ಬಚ್ಚಿಡಾಕಾಗಾಕಿಲ್ಲ. ಜೊಲ್ಲು ಸುರೀತದೆ. ವಸಡಿನ ಅಂಚಿಗೆ ಕಪ್ಪು ಗೆರೆ ಬೀಳ್ತದೆ. ಹಲ್ಲು ಅಲ್ಲಾಡ್ತವೆ. ಎಲೆ ಅಡಿಕೆ ಅಗಿಯಾಕೆ ಆಗಾಕಿಲ್ಲ."

ಅವಳು ಕರಿಯಯ್ಯನನ್ನು ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಜಗಲಿಯ ಮೇಲಿದ್ದ ಕಣ್ಣುಗಳೆಲ್ಲ ತಾವಾಗಿ ಅವನ ಮುಂದಿದ್ದ ಎಲೆಯ ತಟ್ಟೆಯ ಕಡೆ ಹೋದವು. ಸಂಕ್ರಾಂತಿಯಿಂದ ಯಜಮಾನ ಎಲೆ ಅಡಿಕೆ ಬಿಟ್ಟಿದ್ದ. ದೇವರಿಗೆ ಹರಕೆ ಎಂದಿದ್ದ. ಊರೆಲ್ಲ ಕೈಮುಗಿದಿತ್ತು.

"ಧನುರ್ಮಾಸದಾಗೆ ಗುಡೀಲಿ ಕಾವ್ಯ ಓದ್ತಿದ್ರಿ ಯಜಮಾನ್ರೇ," ಎಂದಳು ಶರೀಫುನ್ನೀಸಾ. "ಹೆರಿಗೆಗೆ ಬಂದಿದ್ದೆ, ಆಚೆ ನಿಂತು ಕೇಳ್ದೆ. ಮೂವತ್ತು ವರ್ಸ ಒಂದಕ್ಷರ ಜಾರದೋರು. ಅವತ್ತು ಸಾಲುಸಾಲಿಗೂ ನಿಲ್ಸಿ ಬಾಯಿ ಒರೆಸ್ಕತಿದ್ರಿ. ನಡುವೆ ಪುಸ್ತಕ ಮಡಿಚಿ ಬೇರೆಯೋರ ಕೈಗೆ ಕೊಟ್ಬುಟ್ರಿ. ನಂಗೆ ಅವತ್ತೇ ಸಂಕಟ ಆಯ್ತು. ಕಾರಣ ಇವತ್ತು ಗೊತ್ತಾಯ್ತು."

ಕರಿಯಯ್ಯನ ಕೈಯಲ್ಲಿದ್ದ ವಸ್ತ್ರ ಒದ್ದೆಯಾಗಿತ್ತು. ಅವನು ಅದನ್ನು ಮೆಲ್ಲಗೆ ಮಡಿಸಿ ಪಕ್ಕಕ್ಕಿಟ್ಟ. ಸಿಟ್ಟಾಗುತ್ತಾನೆ ಎಂದು ಎಲ್ಲರೂ ಕಾದರು. ಅವನು ತುಟಿ ಮೇಲೆತ್ತಿದ, ಅಷ್ಟೆ.

ವಸಡಿನುದ್ದಕ್ಕೂ ಕಾಡಿಗೆಯ ಗೆರೆ. ಮುಂದಿನ ಎರಡು ಹಲ್ಲು ಓರೆಯಾಗಿ ನೇತಾಡುತ್ತಿದ್ದವು.

"ನಂದೇ," ಎಂದ. "ಗೌರಿ ಹಬ್ಬದಾಗೆ ಬೆಲ್ಲದ ಗಾಡಿ ಹೊಡಕಂಡು ಮಳವಳ್ಳಿ ಕಡೆ ಓಗಿದ್ದೆ. ಬುದ್ಧಿ ಕೆಟ್ಟು ಮಾಡಿದ್ದು. ಒಗೆ ಎಳದ್ರೆ ಓಯ್ತದೆ ಅಂದ್ರು. ಕೊಳವೇಲಿ ಅಂಟ್ಕತದೆ ಅಂತ ನಾನೇನು ಕಂಡಿದ್ನಾ?"

"ಗೊತ್ತಿರ್ಲಿಲ್ಲ, ಒಪ್ಕತೀನಿ," ಎಂದಳು ಶರೀಫುನ್ನೀಸಾ. "ಆದ್ರೆ ಚಲುವನ ತುಟಿ ನೋಡ್ದಾಗ ಗೊತ್ತಾಗಿತ್ತಲ್ಲ? ಗೊತ್ತಾಗೇ ನ್ಯಾಯಕ್ಕೆ ಕುಂತ್ರಲ್ಲ?"

ಊರ ಹಿರಿಯರು ಒಬ್ಬೊಬ್ಬರಾಗಿ ಕಂಬಳಿಯಿಂದ ಸರಿದು ಕೂತರು. ಹೇಳಬೇಕಾದ ತೀರ್ಮಾನ ಯಾರ ಬಾಯಲ್ಲೂ ಉಳಿದಿರಲಿಲ್ಲ.

"ಮಲ್ಲಿಗಮ್ಮಂಗೂ ಗೊತ್ತಾಗಿತ್ತಾ?" ಎಂದಳು ಶರೀಫುನ್ನೀಸಾ.

"ಗೊತ್ತಾಗಿತ್ತು. ನಾನು ಒಗೆ ಎಳೆಯೋದ ಕಂಡ್ಬುಟ್ಲು." ಅವನ ಕಣ್ಣು ನೆಲಕ್ಕಿಳಿಯಿತು. "ಅವಳೇನು ನಾಚ್ಕಂಡು ಸಾಯೋ ಹೆಣ್ಣಲ್ಲ ಕಣಮ್ಮ. ಅವತ್ತು ಬೆಳಿಗ್ಗೆ ಆ ಕೊಳವೇನ ಸೀರೆ ಮಡಿಲಿಗೆ ಕಟ್ಕಂಡ್ಲು. 'ಮಂಡ್ಯಕ್ಕೋಗಿ ನರ್ಸಮ್ಮಂಗೆ ತೋರಿಸ್ತೀನಿ ಮಾವ, ನಿಮ್ಗೂ ಸೇರಿ ಮದ್ದು ತರ್ತೀನಿ' ಅಂತಂದು ನಾಲೆ ಏರಿ ಮೇಲೆ ಓದ್ಲು. ನನ್ನ ಮಾನ ಓಗ್ತದೆ ಅಂತ ಕಾಲಿಗೆ ಬಿದ್ದೆ. ತಳ್ಳಿಲ್ಲ. ನನ್ನ ದೇವರಾಣೆ, ನಾನು ಬಾಗಿಲು ದಾಟ್ಲಿಲ್ಲ."

ಶರೀಫುನ್ನೀಸಾ ಕೈಯಲ್ಲಿದ್ದ ಕೊಳವೆಯನ್ನು ನೋಡಿದಳು. ಅದು ಇದ್ದಕ್ಕಿದ್ದಂತೆ ಭಾರವಾಯಿತು.

"ಮಡಿಲಿಗೆ ಕಟ್ಕಂಡು ಓದ್ಲಾ?"

"ಕಣ್ಣಾರೆ ಕಂಡೆ."

"ಹೆಣ ತೊಳೆದೋಳು ನಾನು. ಮಡಿಲಾಗೆ ಏನೂ ಇರ್ಲಿಲ್ಲ." ಅವಳು ತಲೆಯೆತ್ತಿದಳು. "ನಾಲೆ ಏರಿಗೆ ಓದ ಕೊಳವೆ ಅಡಿಗೆಮನೆಗೆ ಎಂಗೆ ಬಂತು?"

ಹೊಂಬಾಳಮ್ಮ ನಿಧಾನವಾಗಿ ಸೊಸೆಯ ಕಡೆ ತಿರುಗಿದಳು. "ಚಲುವಾ... ಹೆಣ ಸಿಕ್ಕಿದ ಮಾರ್ನೆ ದಿನ ಇದನ್ನ ಒಲೆ ಮುಂದೆ ತಂದಿಟ್ಟೋಳು ನೀನಲ್ವಾ?"

"ಊಂ. ನಾನೇ." ಚಲುವಮ್ಮನ ದನಿ ಅಲುಗಲಿಲ್ಲ. "ಒಬ್ರು ನನ್ನ ಕೈಗೆ ಕೊಟ್ರು. ಯಾರು ಅಂತ ಇಲ್ಲಿ ಏಳಾಕಿಲ್ಲ. ತಲೆ ತಗದ್ರೂ ಏಳಾಕಿಲ್ಲ."

ಜಗಲಿ ಒಮ್ಮೆಲೇ ಗಲಗಲ ಎಂದಿತು. ಈಗಷ್ಟೇ ಗೆದ್ದವಳು ತಾನಾಗಿ ಕುಣಿಕೆಗೆ ಕತ್ತು ಕೊಟ್ಟಿದ್ದಳು. ಶರೀಫುನ್ನೀಸಾ ಅವಳನ್ನು ಗದರಿಸಲು ಹೋದವಳು, ಅವಳ ನೋಟ ಎಲ್ಲಿ ನೆಟ್ಟಿದೆ ಎಂದು ಕಂಡು ತಡೆದಳು.

ಅದು ಕಂಬದ ಬಳಿ ನೆಟ್ಟಿತ್ತು, ಮಗುವಿನ ಮೇಲೆ.

ಪುಟ್ಟಸ್ವಾಮಿಯ ಐದೂ ಬೆರಳು ಮಾಯಮ್ಮನ ಕಾಲ ಹರಡನ್ನು ಸುತ್ತಿ ಹಿಡಿದಿದ್ದವು, ಮಲ್ಲಿಗಮ್ಮನ ಹೆಡತಲೆಯ ಮೇಲಿದ್ದ ಗುರುತಿನ ಹಾಗೆಯೇ. ಬೆರಳುಗಳು ಬಿಳಿಚಿದ್ದವು. ಅವನ ಮುಖದಲ್ಲಿ ಮಾತ್ರ ನಗು.

"ಗಲಾಟೆಗೆ ಮಗು ಹೆದರ್ಕತದೆ," ಎಂದ ಅವನು, ಯಾರನ್ನೂ ನೋಡದೆ, ಜಗಲಿಯ ಮೆಟ್ಟಿಲು ಇಳಿಯುತ್ತ. "ಅಂಗೇ ನಾಲೆ ತವ ಓಗಿ ನೀರು ತೋರಿಸ್ಕಂಡು ಬತ್ತೀನಿ."